ಬಾಖ್ ಬರೆಯದ ಸ್ವರಗಳು



ಮದುವೆಯ ಬಲಿಪೂಜೆಯಲ್ಲಿ ಗೂನೋ ಅವರ 'ಆವೆ ಮರಿಯ' ಗೀತೆಯನ್ನು ನೀವು ಕೇಳಿರಬಹುದು. ಅಡಿಯಲ್ಲಿ ಬಿಡಿಬಿಡಿಯಾದ ಸ್ವರಗಳು ಅಲೆಯಲೆಯಾಗಿ ಹರಿಯುತ್ತವೆ. ಅವುಗಳ ಮೇಲೆ ಹಾಡು ತೇಲಿಬರುತ್ತದೆ. ಹಾಡಿನ ಧಾಟಿ ಗೂನೋ ಅವರದು. ಅಡಿಯ ಸ್ವರಗಳು ಅವರಿಗಿಂತ ನೂರಮೂವತ್ತಕ್ಕೂ ಹೆಚ್ಚು ವರ್ಷ ಮೊದಲು ಜನಿಸಿದ ಬಾಖ್ ಅವರವು. ಆದರೆ ಆ ಸ್ವರಗಳ ನಡುವೆ ಬಾಖ್ ಬರೆಯದ ತುಣುಕೊಂದು ಸೇರಿಕೊಂಡಿದೆ. ಅದು ಬಂದುದಾದರೂ ಹೇಗೆ?

ಜರ್ಮನಿಯ ಯೊಹಾನ್ ಸೆಬಾಸ್ಟಿಯನ್ ಬಾಖ್ 1722ರಲ್ಲಿ 'ವೆಲ್ ಟೆಂಪರ್ಡ್ ಕ್ಲೇವಿಯರ್' ಎಂಬ ಸಂಗ್ರಹದ ಮೊದಲ ಭಾಗವನ್ನು ಸ್ವಹಸ್ತದಿಂದ ಬರೆದಿಟ್ಟರು. ಅದರ ಮೊತ್ತಮೊದಲ ರಚನೆಯೇ ಈ ಪ್ರಿಲ್ಯೂಡ್. ಅದರಲ್ಲಿರುವುದು 35 ಬಾರ್‌ಗಳು. ಬಾರ್ ಎಂದರೆ ಸ್ವರಲಿಪಿಯಲ್ಲಿ ಎರಡು ಉದ್ದಗೆರೆಗಳ ನಡುವಿನ ಅಳತೆ. ನಮ್ಮ ತಾಳದ ಆವರ್ತಕ್ಕೆ ಅದನ್ನು ಹೋಲಿಸಬಹುದು. 1750ರಲ್ಲಿ ಬಾಖ್ ನಿಧನರಾದಾಗ ಈ ಸಂಗ್ರಹ ಇನ್ನೂ ಅಚ್ಚಾಗಿರಲಿಲ್ಲ. ಕೈಬರಹದ ಪ್ರತಿಗಳ ಮೂಲಕವೇ ಅದು ಶಿಷ್ಯರಿಂದ ಶಿಷ್ಯರಿಗೆ ದಾಟುತ್ತಾ, 1801ರಲ್ಲಿ ಮೊದಲ ಬಾರಿಗೆ ಮುದ್ರಣ ಕಂಡಿತು.

ಈ ನಡುವೆ ಹ್ಯಾಂಬರ್ಗ್‌ನ ಸಂಗೀತಗಾರ ಶ್ವೆಂಕೆ ಅವರ ನಕಲು ಪ್ರತಿಯಲ್ಲಿ ಒಂದು ಬಾರ್ ಹೆಚ್ಚಾಯಿತು. ಮೂಲದ 22ನೆಯ ಬಾರ್‌ನಲ್ಲಿ ಕೆಳಸ್ವರ ಎಫ್ ಶಾರ್ಪ್. 23ರಲ್ಲಿ ಎ ಫ್ಲ್ಯಾಟ್. ನಡುವಿನ ಜಿ ಸ್ವರವನ್ನು ಬಾಖ್ ದಾಟಿಹೋಗಿದ್ದಾರೆ. ಆ ನೆಗೆತ ಕಿವಿಗೆ ತುಸು ಒರಟು. ಆ ಒರಟನ್ನು ನಯಗೊಳಿಸಲೆಂದೋ ಏನೋ, ಜಿ ಸ್ವರದ ಮೇಲೆ ಕಟ್ಟಿದ ಒಂದು ಬಾರ್ ನಡುವೆ ಬಂದು ಕುಳಿತಿತು. ಹಲವು ಮುದ್ರಣಗಳು ಅದನ್ನೇ ಅನುಸರಿಸಿದವು. ಇಂದಿಗೂ ಅದರ ಹೆಸರು 'ಶ್ವೆಂಕೆ ಬಾರ್'.

1837ರಲ್ಲಿ ಬೇಥೋವನ್ ಅವರ ಶಿಷ್ಯ ಕಾರ್ಲ್ ಚೆರ್ನಿ ಇದೇ ಸಂಗ್ರಹವನ್ನು ಸಂಪಾದಿಸಿದರು. ಈ ಪ್ರಿಲ್ಯೂಡ್‌ಗೆ ಬಾಖ್ ವೇಗವನ್ನಾಗಲಿ ನಾದದ ಏರಿಳಿತವನ್ನಾಗಲಿ ಸೂಚಿಸಿರಲಿಲ್ಲ. ಚೆರ್ನಿ ಸಂಗ್ರಹದ ಉದ್ದಕ್ಕೂ ಅಂಥ ಸೂಚನೆಗಳನ್ನು ತುಂಬಿದರು. ಗುರುಗಳು ನುಡಿಸಿದ ರೀತಿಯ ನೆನಪೂ ಅವರಿಗೆ ಆಧಾರವಾಗಿತ್ತು. ಅವರ ಉದ್ದೇಶ ವಿದ್ಯಾರ್ಥಿಗಳಿಗೆ ನೆರವಾಗುವುದೇ. ಆದರೆ ಅಚ್ಚಿನ ಮಸಿಗೆ ಒಂದೇ ಬಣ್ಣ. ಯಾವುದು ಬಾಖ್ ಅವರ ಮಾತು, ಯಾವುದು ಸಂಪಾದಕರ ಮಾತು ಎಂದು ಕಲಿಯುವ ಮಗುವಿಗೆ ತಿಳಿಯುವುದೆಂತು?

ಚಾರ್ಲ್ಸ್ ಗೂನೋ ಒಮ್ಮೆ ಗುರುದೀಕ್ಷೆಯನ್ನು ಬಯಸಿದವರು. 1840ರ ದಶಕದಲ್ಲಿ ಅವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ದೇವಾಲಯದಲ್ಲಿ ಸಂಗೀತ ನಿರ್ದೇಶಕರಾಗಿದ್ದರು. ನಮ್ಮ ಮೈಸೂರು ಮಿಷನ್ನಿಗೆ ಗುರುಗಳನ್ನು ಕಳುಹಿಸಿದ್ದು ಇದೇ ಸಂಸ್ಥೆ. 1853ರಲ್ಲಿ ಗೂನೋ ಬಾಖ್ ಅವರ ಪ್ರಿಲ್ಯೂಡ್ ಮೇಲೆ ತಮ್ಮ ಧಾಟಿಯನ್ನು ಪ್ರಕಟಿಸಿದರು. 1859ರಲ್ಲಿ ಅದು 'ಆವೆ ಮರಿಯ' ಪ್ರಾರ್ಥನೆಯ ನುಡಿಗಳೊಂದಿಗೆ ಬಂತು. ಅವರು ಬಳಸಿದ ಪಾಠದಲ್ಲಿ ಶ್ವೆಂಕೆ ಬಾರ್ ಇತ್ತು. ಹೀಗೆ ಆ ಸೇರ್ಪಡೆ ಜಗತ್ತಿನ ದೇವಾಲಯಗಳನ್ನು ಹೊಕ್ಕಿತು.

ತಿದ್ದುವ ಕಾರ್ಯವೂ ನಡೆಯಿತು. 1850ರಲ್ಲಿ ಲೈಪ್ಜಿಗ್‌ನಲ್ಲಿ ಬಾಖ್ ಸಂಘ ಸ್ಥಾಪನೆಯಾಯಿತು. ಅದರ ಪರವಾಗಿ ಫ್ರಾಂಜ್ ಕ್ರೋಲ್ ಸಂಪಾದಿಸಿದ ಸಂಪುಟ 1866ರಲ್ಲಿ ಹೊರಬಂತು. 1948ರಲ್ಲಿ ಆರಂಭವಾದ ಹೆನ್ಲೆ ಪ್ರಕಾಶನ 'ಊರ್‌ಟೆಕ್ಸ್ಟ್', ಅಂದರೆ ಮೂಲಪಾಠದ ಮುದ್ರಣಗಳಿಗೆ ಹೆಸರಾಯಿತು. ಆದರೂ ಹಕ್ಕುಸ್ವಾಮ್ಯ ತೀರಿದ ಹಳೆಯ ಮುದ್ರಣಗಳು ಸುಲಭವಾಗಿ ಸಿಗುವುದರಿಂದ ಇಂದಿಗೂ ಬಳಕೆಯಲ್ಲಿವೆ.

ಪವಿತ್ರ ಗ್ರಂಥದ ಪಾಠಾಂತರಗಳನ್ನು ತೂಗಿನೋಡಲು ಒಂದು ಸೂತ್ರವಿದೆ: ಎರಡು ಪ್ರತಿಗಳು ಭಿನ್ನವಾದಾಗ, ಸಾಮಾನ್ಯವಾಗಿ ಕಠಿಣವಾದ ಪಾಠವೇ ಮೂಲಕ್ಕೆ ಹತ್ತಿರ. ಬಾಖ್ ಅವರ ಸಮಕಾಲೀನ ಪಂಡಿತ ಬೆಂಗೆಲ್ ಇದನ್ನು ಪ್ರತಿಪಾದಿಸಿದರು. ನಕಲುಗಾರನು ಒರಟನ್ನು ನಯಗೊಳಿಸುತ್ತಾನೆಯೇ ಹೊರತು, ನಯವಾದುದನ್ನು ಬೇಕೆಂದೇ ಒರಟಾಗಿಸುವುದು ವಿರಳ. ಶ್ವೆಂಕೆ ಬಾರ್ ಇದಕ್ಕೆ ಕಿವಿಗೇ ಕೇಳುವ ದೃಷ್ಟಾಂತ.

ಹಾಗಾದರೆ 'ಆವೆ ಮರಿಯ'ದಿಂದ ಆ ಬಾರನ್ನು ಕಿತ್ತುಹಾಕೋಣವೇ? ಬೇಡ. ಗೂನೋ ತಮ್ಮ ಧಾಟಿಯನ್ನು ಅದರ ಮೇಲೂ ಹೆಣೆದಿದ್ದಾರೆ; ತೆಗೆದರೆ ಹಾಡೇ ಎಡವುತ್ತದೆ. ಆದರೆ ನಿಮ್ಮ ಮಗು ಬಾಖ್ ಅವರ ಪ್ರಿಲ್ಯೂಡ್ ಕಲಿಯುವಾಗ, ಜೊತೆಯಲ್ಲಿ ಕುಳಿತು ಬಾರ್‌ಗಳನ್ನು ಎಣಿಸಿರಿ. 36 ಇದ್ದರೆ ಬೇರೊಂದು ಪುಸ್ತಕ ಹುಡುಕಿರಿ. ಹಿರಿಯರಿಂದ ಬಂದುದಕ್ಕೆ ಪ್ರೀತಿಯಿಂದ ಏನನ್ನಾದರೂ ಸೇರಿಸುವುದು ತಪ್ಪಲ್ಲ. ಸೇರಿಸಿದ್ದು ತನ್ನದೆಂದು ಹೇಳದಿರುವುದು ತಪ್ಪು.