ಎರಡು ನೆರಳಿನ ನಾಣ್ಯ



ಇತಿಹಾಸದ ಪಾಠ ಮಾಡುವಾಗ ಹಳೆಯ ನಾಣ್ಯಗಳ ತಗಡಿನ ಡಬ್ಬಿಯೊಂದನ್ನು ನಾನು ತರಗತಿಗೆ ತರುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಡಬ್ಬಿಯ ನೆನಪಿನಿಂದಲೇ, ಈಗ ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ನನಗೊಂದು ಛಾಯಾಚಿತ್ರವನ್ನು ಕಳುಹಿಸಿದ. 1969ರ ಒಂದು ಸೆಂಟಿನ ನಾಣ್ಯ. ಲಿಂಕನ್ನನ ಚಿತ್ರದ ಪಕ್ಕದಲ್ಲಿ ಇಸವಿಯ ಅಂಕಿಗಳು ಎರಡೆರಡಾಗಿ ಕಾಣುತ್ತಿದ್ದವು. "ಮೇಷ್ಟ್ರೇ, ಇದು ನಿಜವಾದ ಡಬಲ್ ಡೈ ನಾಣ್ಯವೇ? ಮಾರುವವರು ಹೌದೆನ್ನುತ್ತಾರೆ. ಕೊಳ್ಳಲೇ?" ಎಂದು ಕೇಳಿದ್ದ. ನಾನು ಹಿಂದೆಮುಂದೆ ನೋಡದೆ ಹೌದೆಂದು ಬರೆದೆ. ಅವನು ಸಾಕಷ್ಟು ಹಣ ತೆತ್ತು ಕೊಂಡ. ನನ್ನ ತೀರ್ಪು ತಪ್ಪಾಗಿತ್ತು. ಆ ತಪ್ಪು ಏನೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮೊದಲು ನಾಣ್ಯದ ಹುಟ್ಟನ್ನು ತಿಳಿಯಬೇಕು. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನೆದುಕೊಳ್ಳಿ. ಮರದ ಅಚ್ಚಿನಲ್ಲಿ ಗಿಳಿಯ ಕೊಕ್ಕನ್ನು ಬಡಗಿ ತಪ್ಪಿ ಎರಡು ಸಲ ಕೊರೆದಿದ್ದರೆ, ಆ ಅಚ್ಚಿನಿಂದ ಬರುವ ಪ್ರತಿಯೊಂದು ಗಿಳಿಗೂ ಎರಡು ಕೊಕ್ಕು. ಅಚ್ಚು ಸರಿಯಾಗಿದ್ದು, ಬಿಡಿಸುವಾಗ ಕೈ ಅಲುಗಿದರೆ ಕೆಡುವುದು ಆ ಒಂದು ಗಿಳಿಯ ಕೊಕ್ಕು ಮಾತ್ರ. ಡಬಲ್ ಡೈ ಎಂಬುದು ಮೊದಲನೆಯ ಬಗೆ. ಯಂತ್ರದ ಅಲುಗಾಟದಿಂದ ಆಗುವ ಜೋಡಿ ಗುರುತು ಎರಡನೆಯದು. ಮೊದಲನೆಯದಕ್ಕೆ ಸಂಗ್ರಾಹಕರು ದೊಡ್ಡ ಬೆಲೆ ಕೊಡುತ್ತಾರೆ. ಎರಡನೆಯದಕ್ಕೆ ಹೆಚ್ಚಿನ ಬೆಲೆಯೇನೂ ಇಲ್ಲ.

ಟಂಕಸಾಲೆಯಲ್ಲಿ ಉಬ್ಬುಚಿತ್ರವಿರುವ ಉಕ್ಕಿನ ಹಬ್ಬನ್ನು ಮತ್ತೊಂದು ಉಕ್ಕಿನ ತುಂಡಿಗೆ ಒತ್ತಿ, ತಗ್ಗುಚಿತ್ರದ ಡೈ ತಯಾರಿಸುತ್ತಾರೆ. ಹಿಂದೆ ಒಂದೇ ಒತ್ತಿನಲ್ಲಿ ಚಿತ್ರ ಪೂರ್ತಿಯಾಗಿ ಮೂಡುತ್ತಿರಲಿಲ್ಲ. ಒತ್ತಿದ ಉಕ್ಕು ಗಡುಸಾಗುತ್ತಿತ್ತು; ಅದನ್ನು ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕಿತ್ತು. ಎರಡನೆಯ ಸಲ ಕೂರಿಸುವಾಗ ಸ್ವಲ್ಪ ತಿರುಗಿದರೆ ಡೈಯಲ್ಲೇ ಎರಡು ಚಿತ್ರಗಳು ನೆಲೆಯಾಗುತ್ತಿದ್ದವು.

1955ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ನಡೆದದ್ದು ಇದೇ. ಒಂದು ಸೆಂಟಿನ ಮುಖಭಾಗದ ಡೈಯೊಂದು ಹೀಗೆ ಕೆಟ್ಟಿತ್ತು. ಪರೀಕ್ಷಕರ ಕಣ್ಣಿಗೆ ಬೀಳುವ ಹೊತ್ತಿಗೆ ಅದರಿಂದ ಬಂದ ಸುಮಾರು 20,000ದಿಂದ 24,000 ನಾಣ್ಯಗಳು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ಅವನ್ನು ಆರಿಸಲಾಗದು, ರಾಶಿಯನ್ನೆಲ್ಲ ಕರಗಿಸುವುದು ವ್ಯರ್ಥ ಎಂದು ಅಧಿಕಾರಿಗಳು ಹಾಗೆಯೇ ಚಲಾವಣೆಗೆ ಬಿಟ್ಟರು. ಆಗ ಯಂತ್ರದಲ್ಲಿ ಮಾರುತ್ತಿದ್ದ ಸಿಗರೇಟು ಪೊಟ್ಟಣದ ಬೆಲೆ 23 ಸೆಂಟು. ಹಾಕುವ ನಾಣ್ಯ 25 ಸೆಂಟಿನದು. ಚಿಲ್ಲರೆಯ ಎರಡು ಸೆಂಟನ್ನು ಪೊಟ್ಟಣದ ಹೊದಿಕೆಯೊಳಗೇ ಇಡುತ್ತಿದ್ದರು. ಈ ನಾಣ್ಯಗಳಲ್ಲಿ ಹಲವು ಹಾಗೆಯೇ ಜನರ ಕೈ ಸೇರಿದವೆಂದು ಹೇಳುತ್ತಾರೆ. ಅದರಲ್ಲಿ ಅಂಚಿನ ಅಕ್ಷರಗಳೂ ಇಸವಿಯೂ ಸ್ಪಷ್ಟವಾಗಿ ಎರಡೆರಡು. ನಡುವಿನ ಲಿಂಕನ್ನನ ಮುಖ ಮಾತ್ರ ಅಷ್ಟೇನೂ ಕದಲಿಲ್ಲ. ಬೀಸುವ ಕಲ್ಲು ತಿರುಗುವಾಗ ಗೂಟದ ಬಳಿ ಚಲನೆ ಕಡಿಮೆ, ಅಂಚಿನಲ್ಲಿ ಹೆಚ್ಚು, ಇಲ್ಲಿಯೂ ಹಾಗೆಯೇ.

ಈ ಕಥೆ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದೇ ನನ್ನನ್ನು ಕೆಡಿಸಿತು. ಜೋಡಿ ಅಂಕಿಗಳನ್ನು ಕಂಡೊಡನೆ ಮನಸ್ಸು ಫಿಲಡೆಲ್ಫಿಯಾಕ್ಕೆ ಹಾರಿತು. ಕಣ್ಣು ತನ್ನ ಕೆಲಸವನ್ನು ನಿಲ್ಲಿಸಿತು.

ನಾಣ್ಯ ಕೈಸೇರಿದ ಮೇಲೆ ಅವನು ಹತ್ತಿರದಿಂದ ತೆಗೆದ ಇನ್ನೂ ನಾಲ್ಕು ಚಿತ್ರಗಳನ್ನು ಕಳುಹಿಸಿದ. ದೀಪ ಒಂದೇ, ನಾಣ್ಯವನ್ನು ಮಾತ್ರ ಸ್ವಲ್ಪಸ್ವಲ್ಪ ತಿರುಗಿಸಿದ್ದ. ಆಗ ಕಂಡಿತು. ನಿಜವಾದ ಡಬಲ್ ಡೈಯಲ್ಲಿ ಎರಡು ಚಿತ್ರಗಳೂ ಉಬ್ಬಿ ದುಂಡಗಿರುತ್ತವೆ, ಅಕ್ಷರ ದಪ್ಪವಾಗುತ್ತದೆ, ಅದರ ತುದಿಗಳಲ್ಲಿ ಸಣ್ಣ ಸೀಳು ಕಾಣುತ್ತದೆ. ಇಲ್ಲಿ ಎರಡನೆಯ ಅಂಕಿ ಮನೆಯ ಮುಂದಿನ ಜಗಲಿಯಂತೆ ತಗ್ಗಾಗಿ, ಚಪ್ಪಟೆಯಾಗಿ, ಬೆಳಕಿಗೆ ಹೊಳೆಯುತ್ತಿತ್ತು. ಮೂಲ ಅಂಕಿ ಸವೆದಂತೆ ಸಪೂರವಾಗಿತ್ತು. ಸಡಿಲವಾಗಿದ್ದ ಡೈ, ನಾಣ್ಯವನ್ನು ಒತ್ತಿದ ಮರುಕ್ಷಣ ಅಲುಗಿ, ಆಗತಾನೇ ಮೂಡಿದ ಅಂಕಿಯ ಲೋಹವನ್ನು ಪಕ್ಕಕ್ಕೆ ತಳ್ಳಿತ್ತು.

ಅದಕ್ಕಿಂತ ದೊಡ್ಡ ಸಾಕ್ಷಿ ಇಸವಿಯ ಕೆಳಗಿತ್ತು: ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಗುರುತಾದ 'ಎಸ್' ಅಕ್ಷರ. ಆ ಕಾಲದಲ್ಲಿ ಈ ಗುರುತು ಹಬ್ಬಿನಲ್ಲಿ ಇರುತ್ತಿರಲಿಲ್ಲ. ಡೈ ಸಿದ್ಧವಾದ ಮೇಲೆ ಕೈಯಿಂದ ಬೇರೆಯಾಗಿ ಬಡಿದು ಮೂಡಿಸುತ್ತಿದ್ದರು. ಆದ್ದರಿಂದ 1969ರ ನಿಜವಾದ ಡಬಲ್ ಡೈ ಸೆಂಟಿನಲ್ಲಿ ಇಸವಿಯೂ ಬರಹವೂ ಜೋಡಿ, 'ಎಸ್' ಮಾತ್ರ ಒಂಟಿ. ನಮ್ಮ ನಾಣ್ಯದಲ್ಲಿ 'ಎಸ್' ಕೂಡ ಇಸವಿಯ ದಿಕ್ಕಿನಲ್ಲೇ ಜಾರಿತ್ತು. ಹಬ್ಬಿನ ತಪ್ಪು, ಹಬ್ಬಿನಲ್ಲೇ ಇಲ್ಲದ ಅಕ್ಷರವನ್ನು ಮುಟ್ಟುವುದು ಹೇಗೆ? ಮೊದಲು ಬಂದ ಚಿತ್ರವನ್ನು ಮತ್ತೆ ತೆರೆದು ನೋಡಿದೆ. ಅದರಲ್ಲಿಯೂ ಆ 'ಎಸ್' ಹಾಗೆಯೇ ಇತ್ತು. ನಾನು ನೋಡಿರಲಿಲ್ಲ, ಅಷ್ಟೆ.

ಆ ಇಸವಿಯ ನಿಜವಾದ ನಾಣ್ಯಗಳಿಗೂ ಒಮ್ಮೆ ಅನ್ಯಾಯವಾಗಿತ್ತು. 1969ರ ಇಸವಿಯ ನಕಲಿ ಜೋಡಿ ಸೆಂಟುಗಳು ಹೊರಬಂದಿದ್ದರಿಂದ, ಅಮೆರಿಕದ ಸೀಕ್ರೆಟ್ ಸರ್ವಿಸಿನವರು ಅಸಲಿ ನಾಣ್ಯಗಳಲ್ಲಿ ಕೆಲವನ್ನೂ ನಕಲಿಯೆಂದೇ ವಶಪಡಿಸಿಕೊಂಡರು. ಅವು ಅಸಲಿಯೆಂದು ಒಪ್ಪಿದ್ದು ಆಮೇಲೆ. ಅವರು ಅಸಲಿಯನ್ನು ಸುಳ್ಳೆಂದರು. ನಾನು ಸುಳ್ಳನ್ನು ಅಸಲಿಯೆಂದೆ.

ಇಂಥ ಚಿತ್ರ ನಿಮಗೂ ಬಂದರೆ ಕೆಲವು ಮಾತುಗಳು ನೆನಪಿರಲಿ. ಎರಡು ದೀಪಗಳ ಕೆಳಗೆ ಒಂದೇ ಅಕ್ಷರಕ್ಕೆ ಎರಡು ನೆರಳು ಬೀಳುತ್ತದೆ. ಕೈ ನಡುಗಿದರೆ ಚಿತ್ರವೇ ಜೋಡಿಯಾಗುತ್ತದೆ. ಒಂದೇ ಚಿತ್ರವನ್ನು ನಂಬಬೇಡಿ. ಸವೆದ ಡೈ ಕೂಡ ಅಂಕಿಗೆ ನೆರಳು ಹುಟ್ಟಿಸುತ್ತದೆ. 1955ರ ಅಂಥ ಸೆಂಟುಗಳಿಗೆ 'ಬಡವನ ಡಬಲ್ ಡೈ' ಎಂಬ ಹೆಸರೇ ಇದೆ. 1990ರಿಂದ ಸೆಂಟಿನ ಟಂಕಸಾಲೆ ಗುರುತು ಮೂಲ ಡೈಯಲ್ಲೇ ಸೇರಿರುವುದರಿಂದ, ಅನಂತರದ ನಾಣ್ಯಗಳಿಗೆ 'ಎಸ್' ಪರೀಕ್ಷೆ ಸಲ್ಲದು. ಎಲ್ಲಕ್ಕೂ ಮಿಗಿಲಾಗಿ, ಒಂದು ಡೈಯ ತಪ್ಪು ಅದರ ಮಕ್ಕಳೆಲ್ಲರಲ್ಲೂ ಒಂದೇ ತೆರನಾಗಿರುತ್ತದೆ. ದೃಢಪಟ್ಟ ನಾಣ್ಯದ ಚಿತ್ರದೊಡನೆ ಗೆರೆಗೆ ಗೆರೆ ಹೋಲಿಸಿ ನೋಡಬೇಕು. 'ಅಲ್ಲ' ಎನ್ನಲು ಛಾಯಾಚಿತ್ರ ಅನೇಕ ವೇಳೆ ಸಾಕು. 'ಹೌದು' ಎನ್ನಲು ನಾಣ್ಯವೇ ಬಲ್ಲವರ ಕೈಗೆ ಹೋಗಬೇಕು.

ಮಾರಿದವರು ಹಣ ಹಿಂದಿರುಗಿಸಲಿಲ್ಲ. ಅರ್ಧ ನಷ್ಟ ನನ್ನದೆಂದು ಹೇಳಿ ಕೊಡಹೋದರೆ ಅವನು ಒಪ್ಪಲಿಲ್ಲ. ಈ ಬೇಸಿಗೆಯಲ್ಲಿ ಊರಿಗೆ ಬಂದಾಗ ನಾಣ್ಯವನ್ನೇ ತಂದು ನನ್ನ ಅಂಗೈಯಲ್ಲಿಟ್ಟು, "ಮೇಷ್ಟ್ರೇ, ಇದೂ ನಿಮ್ಮ ಡಬ್ಬಿಯಲ್ಲಿರಲಿ" ಎಂದ. ಈಗ ಅದು ಅಲ್ಲಿಯೇ ಇದೆ. ಮನೆಗೆ ಬಂದ ಮಕ್ಕಳಿಗೆ ಡಬ್ಬಿಯನ್ನು ತೆರೆದಾಗ ಮೊದಲು ಅದನ್ನೇ ತೋರಿಸಿ, ಇಸವಿಯ ಕೆಳಗೆ ಏನಿದೆ ಎಂದು ಕೇಳುತ್ತೇನೆ.