ಹಸಿರು ಕಪ್, ಬೀಗ ಹಾಕಿದ ಊರು

ಇವತ್ತಿನ ಕತೆ ಜಪಾನಿನ ಒಂದು ಟೀ ಕಪ್ಪಿಂದು. ತಿಳಿ ಹಸಿರು, ಸ್ವಲ್ಪ ನೀಲಿ ಬೆರೆತ ಹಾಗೆ. ಇಂಗ್ಲಿಷ್‌ನಲ್ಲಿ ಸೆಲಡಾನ್, ಜಪಾನಿನವರಿಗೆ ಸೇಜಿ.

ಮಜಾ ಏನು ಗೊತ್ತಾ? ಆ ಗ್ಲೇಜ್‌ಗೆ ಯಾರೂ ಹಸಿರು ಬಣ್ಣ ಹಾಕಲ್ಲ. ಅದರಲ್ಲಿ ಚೂರೇ ಚೂರು ಕಬ್ಬಿಣದ ಅಂಶ ಇರುತ್ತೆ. ಗೂಡಿನ ಗಾಳಿ ಕಮ್ಮಿ ಮಾಡಿ, ಹೆಚ್ಚುಕಮ್ಮಿ 1,300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಆ ಕಬ್ಬಿಣವೇ ಹಸಿರು ಕೊಡುತ್ತೆ. ಗಾಳಿ ಜಾಸ್ತಿ ಆಯ್ತೋ, ಹಳದಿ, ಕಂದು. ಕೆಲಸ ಕೆಟ್ಟ ಹಾಗೆ.

ಕ್ಯೂಶು ದ್ವೀಪದ ಒಕಾವಚಿಯಾಮ ಹಳ್ಳಿಯಲ್ಲಿ ಈ ಗ್ಲೇಜ್‌ಗೆ ಬೇಕಾದ ಕಲ್ಲೇ ಸಿಗ್ತಿತ್ತು. 1675ರ ಹೊತ್ತಿಗೆ ನಬೆಶಿಮ ದೊರೆಗಳು ತಮ್ಮ ಪಳಗಿದ ಕುಂಬಾರರನ್ನ ಅಲ್ಲಿಗೆ ತಂದಿಟ್ಟರು. ಸುತ್ತ ಬೆಟ್ಟ, ಊರ ಬಾಗಿಲಲ್ಲಿ ಚೆಕ್‌ಪೋಸ್ಟ್. ಗುಟ್ಟು ಹೊರಗೆ ಹೋಗಬಾರದಲ್ಲ! ಬಿಕಾಂನಲ್ಲಿ ಟ್ರೇಡ್ ಸೀಕ್ರೆಟ್ ಅಂತ ಓದಿದ್ವಿ. ಇಲ್ಲಿ ಮನುಷ್ಯರನ್ನೇ ಲಾಕ್ ಮಾಡಿದ್ರು. ಮಾಲು ಅಂಗಡಿಗೆ ಬರ್ತಿರಲಿಲ್ಲ, ಶೋಗನ್‌ಗೆ ಮತ್ತೆ ಬೇರೆ ದೊರೆಗಳಿಗೆ ಉಡುಗೊರೆಯಾಗಿ ಹೋಗ್ತಿತ್ತು.

ಇನ್ನೊಂದು ವಿಷಯ. ಆ ಸಂಸ್ಥಾನದಲ್ಲಿ ಪಿಂಗಾಣಿ ಕೆಲಸ ಶುರು ಮಾಡಿದವರೇ 1590ರ ದಶಕದ ಯುದ್ಧದಲ್ಲಿ ಕೊರಿಯಾದಿಂದ ತಂದ ಕುಂಬಾರರು.

1871ರಲ್ಲಿ ಸಂಸ್ಥಾನಗಳೇ ರದ್ದಾದವು, ದೊರೆಯ ಗೂಡೂ ಮುಚ್ಚಿತು. ಈಗ ಊರಲ್ಲಿ ಸುಮಾರು 30 ಗೂಡುಗಳಿವೆ, ಸೇಜಿ ಕಪ್ಪನ್ನ ಯಾರು ಬೇಕಾದ್ರೂ ಕೊಳ್ಳಬಹುದು. ಆದ್ರೆ ಆ ಕಾಲದ ಎಷ್ಟೋ ಕುಂಬಾರರ ಹೆಸರು ಯಾರಿಗೂ ಗೊತ್ತಿಲ್ಲ. ವಾರಸುದಾರರಿಲ್ಲದ ಅವರ 880 ಸಮಾಧಿಕಲ್ಲುಗಳನ್ನ ಊರಲ್ಲಿ ಒಂದೇ ಕಡೆ ಗೋಪುರದ ಹಾಗೆ ಪೇರಿಸಿಟ್ಟಿದ್ದಾರೆ.