ಸಂವಿಧಾನ ಸಭೆಯಲ್ಲಿ ಮಂಗಳೂರಿನ ಕಾಮತರು

ಪ್ರತಿವರ್ಷ ನವೆಂಬರ್ 26ರಂದು ಕೇಂದ್ರ ಸರಕಾರದ ಕಚೇರಿಗಳಲ್ಲಿ ನೌಕರರೆಲ್ಲ ಎದ್ದುನಿಂತು ಸಂವಿಧಾನದ ಪೀಠಿಕೆಯನ್ನು ಓದುವ ಪದ್ಧತಿ 2015ರಿಂದ ಬಂದಿದೆ. ಗುಮಾಸ್ತರಾದ ನಾವೂ ಓದುತ್ತೇವೆ. ಐದು ನಿಮಿಷದ ಕೆಲಸ. ಮುಗಿದೊಡನೆ ಚಹಾ ಬರುತ್ತದೆ, ಫೈಲುಗಳು ಮತ್ತೆ ತೆರೆದುಕೊಳ್ಳುತ್ತವೆ. ಆ ಪೀಠಿಕೆಯ ಆರಂಭದಲ್ಲಿ ಇನ್ನೂ ಒಂದು ಮಾತು ಸೇರಬೇಕೆಂದು ಹಟ ಹಿಡಿದು, ಹಿರಿಯರು ಬೇಡವೆಂದರೂ ಕೇಳದೆ ಮತಕ್ಕೆ ಹಾಕಿಸಿ ಸೋತವರೊಬ್ಬರು ಮಂಗಳೂರಿನಲ್ಲಿ ಹುಟ್ಟಿದವರೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ಸಾನಪಾಡಾದಿಂದ ಬೆಳಗಿನ ಲೋಕಲ್ ಹಿಡಿದು ಹೋಗುವಾಗ ರಾಜಕೀಯದ ಮಾತು ಬಂದರೆ, ದೆಹಲಿಯಲ್ಲಿ ಹೆಸರು ಮಾಡಿದ ನಮ್ಮವರೆಂದು ಎಲ್ಲರ ಬಾಯಲ್ಲೂ ಮೊದಲು ಬರುವುದು ಜಾರ್ಜ್ ಫರ್ನಾಂಡಿಸರ ಹೆಸರು. ಅದು ಸಹಜವೇ. ಮಂಗಳೂರಿನಿಂದ ಬಂದು 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಮಣಿಸಿದ ಕಥೆ ಈ ಊರಿನದೇ. ಆದರೆ ಅದೇ ಮಂಗಳೂರಿನಲ್ಲಿ 1907ರಲ್ಲಿ ಹುಟ್ಟಿ, ಪರಪ್ರಾಂತದ ಜನರ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿ ಗುಡುಗಿದ ಹರಿ ವಿಷ್ಣು ಕಾಮತರನ್ನು ನಾವು ಮರೆತೇಬಿಟ್ಟಿದ್ದೇವೆ. ಮನೆಮಾತು ಯಾವುದು, ಅವರು ನಮ್ಮವರೋ ಅಲ್ಲವೋ ಎಂಬ ತಕರಾರು ಇಲ್ಲಿ ಬೇಡ. ಊರು ಬಿಟ್ಟು ಬಂದ ನಮಗೆ ಊರಿನವರೆಲ್ಲರೂ ನಮ್ಮವರೇ.

ಕಾಮತರು ಐ.ಸಿ.ಎಸ್. ಪಾಸು ಮಾಡಿ ಮಧ್ಯಪ್ರಾಂತದಲ್ಲಿ ಅಧಿಕಾರಿಯಾಗಿದ್ದವರು. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ನೌಕರಿ ಇರಲಿಲ್ಲ. 1938ರಲ್ಲಿ ಅದಕ್ಕೆ ರಾಜೀನಾಮೆ ಕೊಟ್ಟು ರಾಷ್ಟ್ರೀಯ ಚಳವಳಿಗೆ ಇಳಿದು, ಮರುವರ್ಷ ಸುಭಾಷಚಂದ್ರ ಬೋಸರು ಕಟ್ಟಿದ ಫಾರ್ವರ್ಡ್ ಬ್ಲಾಕ್ ಸೇರಿದರು. ಪಿಂಚಣಿಯ ದಿನ ಎಣಿಸುತ್ತ ಕುಳಿತಿರುವ ನಮ್ಮಂಥವರಿಗೆ ಇದೊಂದೇ ಸಂಗತಿ ಸಾಕು ಬೆರಗಾಗಲು! ಮುಂದೆ ಸಂವಿಧಾನ ಸಭೆ ರಚನೆಯಾದಾಗ ಮಧ್ಯಪ್ರಾಂತ ಮತ್ತು ಬೇರಾರದಿಂದ ಅವರು ಅದರ ಸದಸ್ಯರಾದರು.

ಆ ಸಭೆಯ ಕೆಲಸ ಎಷ್ಟು ದೊಡ್ಡದೆಂಬುದಕ್ಕೆ ಲೆಕ್ಕ ಸಿಗುತ್ತದೆ. ಹನ್ನೊಂದು ಅಧಿವೇಶನ, 165 ದಿನ. ಕರಡಿಗೆ ಬಂದ ತಿದ್ದುಪಡಿ ಸೂಚನೆಗಳು 7,635, ಅವುಗಳಲ್ಲಿ ಸಭೆಯ ಮುಂದೆ ಮಂಡಿತವಾದವು 2,473. ಕಾಂಗ್ರೆಸ್ ಪಕ್ಷದ ಸದಸ್ಯರೇ ತುಂಬಿದ್ದ ಆ ಸಭೆಯಲ್ಲಿ ಹೆಚ್ಚಿನ ವಿಷಯ ಮೊದಲೇ ಪಕ್ಷದೊಳಗೆ ತೀರ್ಮಾನವಾಗುತ್ತಿತ್ತು. ಆಮೇಲೂ ಎದ್ದುನಿಂತು ತಿದ್ದುಪಡಿ ಮಂಡಿಸುವವರು ಕೆಲವರೇ. ಆ ಕೆಲವರಲ್ಲಿ ಕಾಮತರು ಮುಂಚೂಣಿಯಲ್ಲಿದ್ದರು. ಪದಗಳ ಬಗ್ಗೆ, ಅಲ್ಪವಿರಾಮದ ಬಗ್ಗೆ ಸಹ ಅವರು ಎದ್ದುನಿಲ್ಲುತ್ತಿದ್ದರೆಂದು ಸಹಸದಸ್ಯರಿಗೆ ಬೇಸರವಿತ್ತು. ಕರಡು ಸಮಿತಿಯ ಅಧ್ಯಕ್ಷರಾದ ಡಾ. ಅಂಬೇಡ್ಕರರಿಗೂ ಒಮ್ಮೊಮ್ಮೆ ತಾಳ್ಮೆ ತಪ್ಪುತ್ತಿತ್ತು.

ದೇಶದ ಹೆಸರಿನ ಚರ್ಚೆಯೇ ಇದಕ್ಕೆ ಉದಾಹರಣೆ. 1949ರ ಸೆಪ್ಟೆಂಬರ್ 18ರಂದು ಕಾಮತರು ಹೇಳಿದ್ದು, ಭಾರತ ಎಂಬುದು ಮೊದಲು ಬರಲಿ, ಇಂಗ್ಲಿಷಿನಲ್ಲಿ ಅದಕ್ಕೆ ಇಂಡಿಯಾ ಎನ್ನುತ್ತಾರೆಂದು ಆಮೇಲೆ ಬರಲಿ ಎಂದು. ಐರ್ಲೆಂಡಿನವರು 1937ರ ತಮ್ಮ ಸಂವಿಧಾನದಲ್ಲಿ ಮಾಡಿಕೊಂಡದ್ದೂ ಹಾಗೆಯೇ ಎಂದು ತೋರಿಸಿದರು. ಕೈ ಎತ್ತಿಸಿ ಎಣಿಸಿದಾಗ ಪರ 38, ವಿರುದ್ಧ 51. ಇಂದಿಗೂ ಸಂವಿಧಾನದ ಮೊದಲ ವಿಧಿಯಲ್ಲಿ ಇಂಡಿಯಾ ಮುಂದೆ, ಭಾರತ ಹಿಂದೆ ಇದೆ.

ಪೀಠಿಕೆಯ ಪ್ರಸಂಗ ನಡೆದದ್ದು ಮರುತಿಂಗಳು, ಅಕ್ಟೋಬರ್ 17ರಂದು. ದೇವರ ಹೆಸರಿನಲ್ಲಿ ಎಂದು ಪೀಠಿಕೆ ಆರಂಭವಾಗಬೇಕೆಂಬುದು ಕಾಮತರ ಸೂಚನೆ. ಹೃದಯನಾಥ ಕುಂಜ್ರೂ ಅವರು, ಇದು ಪ್ರತಿಯೊಬ್ಬನ ನಂಬಿಕೆಯ ವಿಷಯ, ಇತರರ ಮೇಲೆ ಹೇರಬಾರದು ಎಂದರು. ಪೂರ್ಣಿಮಾ ಬ್ಯಾನರ್ಜಿ ಅವರು, ದೇವರನ್ನು ಮತಕ್ಕೆ ಹಾಕುವ ಸಂಕಟಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಕೇಳಿಕೊಂಡರು. ಕಾಮತರು ಜಗ್ಗಲಿಲ್ಲ. 41 ಪರ, 68 ವಿರುದ್ಧ. ದೇವರು ಸೋತ ಈ ಮತದಾನ ತಮಾಷೆಯಾಗಿ ಕಂಡೀತು. ನಮ್ಮ ಮಟ್ಟಿಗೆ ಹೇಳುವುದಾದರೆ ಕುಂಜ್ರೂ ಅವರ ಮಾತೇ ಸರಿಯೆನಿಸುತ್ತದೆ. ಆದರೆ ಇನ್ನೊಂದು ಕಡೆ ಕಾಮತರ ಪ್ರಯತ್ನ ಫಲಿಸಿದೆ. ಹಿಂದಿನ ವರ್ಷ, 1948ರ ಡಿಸೆಂಬರಿನಲ್ಲಿ, ರಾಷ್ಟ್ರಪತಿಯ ಪ್ರಮಾಣವಚನದಲ್ಲಿ ದೇವರ ಹೆಸರನ್ನು ಸೇರಿಸಲು ಮಹಾವೀರ ತ್ಯಾಗಿಯವರೂ ಕಾಮತರೂ ಒತ್ತಾಯಿಸಿದ್ದರು. ಬೇಕಾದವರು ದೇವರ ಹೆಸರಿನಲ್ಲಿ, ಬೇಡದವರು ಸತ್ಯನಿಷ್ಠೆಯಿಂದ ಎಂದು ಎರಡು ದಾರಿ ಇರಿಸಿದ ಆ ಏರ್ಪಾಡು ಒಪ್ಪಿಗೆಯಾಯಿತು. ದೂರದರ್ಶನದಲ್ಲಿ ಮಂತ್ರಿಗಳು ಪ್ರಮಾಣ ಮಾಡುವಾಗ ನಾವು ಕೇಳುವುದು ಅದನ್ನೇ.

ಇವೆಲ್ಲ ಮಾತಿನ ಚಕಮಕಿ ಎಂದು ಬಿಟ್ಟರೂ ಬಿಡಬಹುದು. ಬಿಡಲಾಗದ್ದು 1949ರ ಆಗಸ್ಟ್ ತಿಂಗಳ ಚರ್ಚೆ. ಆಗ ಸಭೆಯ ಮುಂದಿದ್ದುದು ತುರ್ತು ಪರಿಸ್ಥಿತಿಯ ಅಧ್ಯಾಯ. ಕರಡಿನಲ್ಲಿ 275ರಿಂದ 280ರವರೆಗಿನ ವಿಧಿಗಳು. ಮುಂದೆ ಇವೇ 352, 356, 359 ಇತ್ಯಾದಿ ಸಂಖ್ಯೆ ಪಡೆದವು. ಯುದ್ಧ, ಹೊರಗಿನ ಆಕ್ರಮಣ ಇಲ್ಲವೆ ಒಳಗಿನ ಗಲಭೆಯಿಂದ ದೇಶಕ್ಕೆ ಅಪಾಯವೆಂದು ರಾಷ್ಟ್ರಪತಿಗೆ ಮನವರಿಕೆಯಾದರೆ ತುರ್ತು ಪರಿಸ್ಥಿತಿ ಸಾರಬಹುದು. ಸಾರಿದ ಮೇಲೆ ಮೂಲಭೂತ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವ ಅಧಿಕಾರವನ್ನೇ ತಡೆಹಿಡಿಯಬಹುದು.

ದೇಶ ಆಗ ಎಂಥ ಸ್ಥಿತಿಯಲ್ಲಿತ್ತೆಂಬುದನ್ನು ಮರೆಯಬಾರದು. ವಿಭಜನೆಯ ರಕ್ತ ಆರಿರಲಿಲ್ಲ, ಕಾಶ್ಮೀರದಲ್ಲಿ ಯುದ್ಧ ನಿಂತು ಎಂಟು ತಿಂಗಳೂ ಆಗಿರಲಿಲ್ಲ. ಸರಕಾರದ ಕೈ ಬಲವಾಗಿರಬೇಕೆಂದವರು ದುಷ್ಟರೇನಲ್ಲ. ಕಾಮತರೂ ತುರ್ತು ಅಧಿಕಾರವೇ ಬೇಡವೆನ್ನಲಿಲ್ಲ. ಒಳಗಿನ ಗಲಭೆ ಎಂಬ ಮಾತು ತೀರ ಸಡಿಲ, ಯಾವ ಗದ್ದಲವನ್ನೂ ಅದರೊಳಗೆ ತುರುಕಬಹುದು, ಅದಕ್ಕಿಂತ ಬಿಗಿಯಾದ ಪದ ಬೇಕು ಎಂಬುದು ಅವರ ಮೊದಲ ತಕರಾರು. ಎರಡನೆಯದು ಇನ್ನೂ ಗಂಭೀರ. ಪ್ರಜಾಪ್ರಭುತ್ವ ದೇಶಗಳ ಸಂವಿಧಾನಗಳನ್ನೆಲ್ಲ ಜಾಲಾಡಿದ್ದೇನೆ, ಇಂಥ ಅಧ್ಯಾಯ ಬೇರೆಲ್ಲೂ ಕಾಣಲಿಲ್ಲ, ಹತ್ತಿರ ಬರುವುದು ಜರ್ಮನಿಯ ವೈಮಾರ್ ಸಂವಿಧಾನ ಒಂದೇ ಎಂದರು. 1919ರ ಆ ಸಂವಿಧಾನದ 48ನೆಯ ವಿಧಿ ಅಧ್ಯಕ್ಷನಿಗೆ ನಾಗರಿಕ ಹಕ್ಕುಗಳನ್ನು ಅಮಾನತಿನಲ್ಲಿಡುವ ಅಧಿಕಾರ ಕೊಟ್ಟಿತ್ತು. 1933ರ ಫೆಬ್ರವರಿಯಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನ ಹಿಟ್ಲರನ ಸರಕಾರ ಅದೇ ವಿಧಿಯನ್ನು ಹಿಡಿದು ಹಕ್ಕುಗಳನ್ನು ತೆಗೆದುಹಾಕಿತು. ಕಾನೂನನ್ನು ಮುರಿಯಬೇಕಾದ ಅಗತ್ಯವೇ ಬೀಳಲಿಲ್ಲ. ಕಾಮತರು ಸಭೆಯ ಮುಂದೆ ಇಟ್ಟದ್ದು ಈ ಅಂಶವನ್ನು.

ಉತ್ತರ ಬಂದದ್ದು ವಿಶ್ವಾಸದ ರೂಪದಲ್ಲಿ. ರಾಜ್ಯ ಸರಕಾರಗಳನ್ನು ವಜಾ ಮಾಡುವ 278ನೆಯ ವಿಧಿಯ ಬಗ್ಗೆ ಅಂಬೇಡ್ಕರರು, ಇದು ಬಳಕೆಗೆ ಬಾರದೆ ಸತ್ತ ಅಕ್ಷರವಾಗಿ ಉಳಿಯಲೆಂದು ಆಶಿಸುತ್ತೇನೆ ಎಂದರು. ವಿಧಿಗಳು ಅಂಗೀಕೃತವಾದವು. ಇದು ನಾಚಿಕೆಯ, ದುಃಖದ ದಿನ, ಭಾರತದ ಜನರನ್ನು ದೇವರೇ ಕಾಪಾಡಲಿ ಎಂಬರ್ಥದ ಮಾತಾಡಿ ಕಾಮತರು ಕುಳಿತುಕೊಂಡರು.

ಹೀಗಿದ್ದೂ ಅದೇ ವರ್ಷ ನವೆಂಬರ್ 25ರ ಕೊನೆಯ ಭಾಷಣದಲ್ಲಿ ಅಂಬೇಡ್ಕರರು, ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಈ ಸಭೆ ನೀರಸವಾಗುತ್ತಿತ್ತು, ಅದೃಷ್ಟಕ್ಕೆ ಕೆಲವರು ಬಂಡುಕೋರರಿದ್ದರು ಎಂದು ಹೇಳಿ ಹೆಸರುಗಳನ್ನು ಎಣಿಸಿದರು. ಮೊದಲ ಹೆಸರು ಕಾಮತರದು. ಅವರ ಸಲಹೆಗಳನ್ನು ತಾವು ಒಪ್ಪದಿದ್ದರೂ ಅವುಗಳ ಬೆಲೆ ಕಡಿಮೆಯಾಗದು ಎಂದೂ ಸೇರಿಸಿದರು.

ಲೋಕಸಭೆಗೆ ಕಾಮತರು ಹೋದ ರೀತಿಯೂ ಸ್ವಾರಸ್ಯವಾದದ್ದು. ಕಲ್ಯಾಣದಿಂದ ಉತ್ತರಕ್ಕೆ ಹೊರಟ ರೈಲು ಭುಸಾವಳ, ಖಂಡ್ವಾ ದಾಟಿ ಇಟಾರ್ಸಿ ತಲುಪುತ್ತದಲ್ಲ, ಅದೇ ಅವರ ಹೊಶಂಗಾಬಾದ್ ಕ್ಷೇತ್ರ. ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು. ಮೊದಲ ಮಹಾಚುನಾವಣೆಯಲ್ಲಿ ಅವರು ಸೈಯದ್ ಅಹಮದ್ ಎಂಬವರಿಗೆ ಇನ್ನೂರಕ್ಕೂ ಕಡಿಮೆ ಮತಗಳಿಂದ ಸೋತರು. ಆದರೆ ಒಂದೆರಡು ಮತಗಟ್ಟೆಗಳಲ್ಲಿ ಲೋಕಸಭೆಯ ಹಸಿರು ಪಟ್ಟಿಯ ಮತಪತ್ರಕ್ಕೆ ಬದಲು ವಿಧಾನಸಭೆಯ ಕಂದು ಪಟ್ಟಿಯ ಮತಪತ್ರ ಕೊಟ್ಟುಬಿಟ್ಟಿದ್ದರು. ಚುನಾವಣೆ ಡ್ಯೂಟಿ ಮಾಡಿದ ನಮ್ಮವರಿಗೆ ಇದನ್ನು ಓದಿದರೆ ಎದೆ ಝಲ್ಲೆನ್ನಬೇಕು! ಕಾಮತರು ಸುಪ್ರೀಂ ಕೋರ್ಟಿನವರೆಗೆ ಹೋದರು. 1954ರ ಡಿಸೆಂಬರಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಇಡೀ ಚುನಾವಣೆಯನ್ನೇ ರದ್ದುಮಾಡಿತು. ಟ್ರಿಬ್ಯೂನಲ್ಲುಗಳ ತಪ್ಪನ್ನು ಮೇಲಿನ ನ್ಯಾಯಾಲಯ ಯಾವಾಗ ತಿದ್ದಬಹುದೆಂಬುದಕ್ಕೆ ವಕೀಲರು ಈಗಲೂ ಆ ತೀರ್ಪನ್ನು ಉದಾಹರಿಸುತ್ತಾರೆ. ಮರುಚುನಾವಣೆಯಲ್ಲಿ ಗೆದ್ದು ಕಾಮತರು ಮೊದಲ ಲೋಕಸಭೆಯನ್ನು ಸೇರಿದರು, 1962ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಮತ್ತೆ ಗೆದ್ದರು.

1966ರಲ್ಲಿ ನೇಮಕವಾದ ಆಡಳಿತ ಸುಧಾರಣಾ ಆಯೋಗದಲ್ಲೂ ಅವರಿದ್ದರು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಅದರ ಇನ್ನೊಬ್ಬ ಸದಸ್ಯರು, ಮೊರಾರ್ಜಿ ದೇಸಾಯಿಯವರು ಉಪಪ್ರಧಾನಿಯಾದ ಮೇಲೆ ಅವರೇ ಅಧ್ಯಕ್ಷರು. ಲೋಕಪಾಲ ಬೇಕೆಂದು ಈ ಆಯೋಗ ವರದಿ ಕೊಟ್ಟದ್ದು 1966ರಲ್ಲಿ, ಕಾನೂನು ಆದದ್ದು 2013ರಲ್ಲಿ, ಮೊದಲ ಲೋಕಪಾಲರು ಬಂದದ್ದು 2019ರಲ್ಲಿ. ಫೈಲು ಚಲಿಸುವ ವೇಗ ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಕೊಟ್ಟ ಕಾರಣ ಅದೇ ಒಳಗಿನ ಗಲಭೆ. ಸಭೆಯೊಂದಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಅಲ್ಲಿಯೇ ಬಂಧಿಸಿದರು. ಜೂನ್ 27ರಂದು 359ನೆಯ ವಿಧಿಯ ಕೆಳಗೆ ಆದೇಶ ಹೊರಟು ನ್ಯಾಯಾಲಯದ ಬಾಗಿಲು ಮುಚ್ಚಿತು. ಕರ್ನಾಟಕ, ಮಧ್ಯಪ್ರದೇಶ, ಮುಂಬಯಿಯ ನಾಗಪುರ ಪೀಠ ಮೊದಲಾದ ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳಬಹುದೆಂದವು. ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ನಾಲ್ವರ ಬಹುಮತದಿಂದ ಕೇಳಲಾಗದೆಂದಿತು. ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ಮೊಕದ್ದಮೆ ಜಬಲ್ಪುರದ್ದು. ಅದೂ ಕಾಮತರ ಹೊಶಂಗಾಬಾದಿನಂತೆ ನರ್ಮದೆಯ ದಡದ ಊರೇ.

1977ರ ಚುನಾವಣೆಯಲ್ಲಿ ಎಪ್ಪತ್ತರ ಹೊಸ್ತಿಲಲ್ಲಿದ್ದ ಕಾಮತರು ಜನತಾ ಪಕ್ಷದಿಂದ ಅದೇ ಹೊಶಂಗಾಬಾದಿನಲ್ಲಿ ಗೆದ್ದು ಬಂದರು. ಆ ಲೋಕಸಭೆಯ ಕಾಲದಲ್ಲಿ, 1978ರಲ್ಲಿ, 44ನೆಯ ತಿದ್ದುಪಡಿ ಅಂಗೀಕೃತವಾಯಿತು. ಒಳಗಿನ ಗಲಭೆ ಎಂಬ ಮಾತು ಹೋಗಿ ಸಶಸ್ತ್ರ ಬಂಡಾಯ ಎಂಬ ಬಿಗಿಯಾದ ಮಾತು ಬಂದಿತು. ಮಂತ್ರಿಮಂಡಲದ ಲಿಖಿತ ನಿರ್ಣಯವಿಲ್ಲದೆ ರಾಷ್ಟ್ರಪತಿ ಸಹಿ ಹಾಕುವಂತಿಲ್ಲ ಎಂದಾಯಿತು. ಜೀವ ಮತ್ತು ಸ್ವಾತಂತ್ರ್ಯದ 21ನೆಯ ವಿಧಿಯನ್ನೂ 20ನ್ನೂ ಯಾವ ತುರ್ತಿನಲ್ಲೂ ತಡೆಹಿಡಿಯಲಾಗದೆಂದಾಯಿತು. 29 ವರ್ಷಗಳ ಹಿಂದೆ ಸೋತ ವಾದ ಕಾನೂನಿನೊಳಗೆ ಬಂದು ಕುಳಿತಾಗ, ಅದನ್ನು ಮಂಡಿಸಿದವರು ಅದೇ ಸದನದಲ್ಲಿ ಸದಸ್ಯರಾಗಿದ್ದರು.

ಜಬಲ್ಪುರ ತೀರ್ಪು ಮಾತ್ರ ಇನ್ನೂ ಬಹುಕಾಲ ಉಳಿಯಿತು. ಅದನ್ನು ಸುಪ್ರೀಂ ಕೋರ್ಟು ಮಾತಿನಲ್ಲಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 359ನೆಯ ವಿಧಿ ಇಂದಿಗೂ ಸಂವಿಧಾನದಲ್ಲಿದೆ. 20 ಮತ್ತು 21ನ್ನು ಬಿಟ್ಟು ಉಳಿದ ಮೂಲಭೂತ ಹಕ್ಕುಗಳಿಗೆ ನ್ಯಾಯಾಲಯದ ಬಾಗಿಲನ್ನು ಅದು ಈಗಲೂ ಮುಚ್ಚಬಲ್ಲದು. ಕಾಮತರು 1982ರಲ್ಲಿ ತೀರಿಕೊಂಡರು.